ಫಕ್ರುಸಾಬನ ಹಸಿದ ಕೌದಿ

ಈಗ ನಾನು ಹೇಳುವುದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೆ ನನ್ನ ಎಡಗಡೆಯ ಎತ್ತು ಇಲ್ಲೇ ಮೊಣಕಾಲೂರಿ ಬೀಳಲಿ. ನೋಡಿ, ನಿಂತೇ ಇದೆ. ಬೀರಪ್ಪನ ಆಣೆಯನ್ನೂ ಹಾಕುತ್ತಿದ್ದೆ. ಆದರೆ ಹೋದ ವರ್ಷ ಬೇರೊಂದು ಕಥೆಗೆ ಹಾಕಿದ ಆಣೆಯನ್ನೇ ದೇವರು ಇನ್ನೂ ವಿಚಾರಿಸುತ್ತಿದ್ದಾನೆ, ಮೇಲಿಂದ ಮೇಲೆ ಹೊರಿಸುವುದು ಸರಿಯಲ್ಲ. ಎಡಗಡೆಯ ಎತ್ತು ಸಾಕು. ನಡೆದದ್ದೆಲ್ಲ ಅದರ ಕಣ್ಣ ಮುಂದೆಯೇ ನಡೆದದ್ದು. ಬಲಗಡೆಯದು ಆಮೇಲೆ ಬಂದದ್ದು, ಅದಕ್ಕೆ ಏನೂ ಗೊತ್ತಿಲ್ಲ, ಅದನ್ನು ಕೇಳಬೇಡಿ.

ಅಮೀನಗಡದ ಕಮ್ಮಾರ ಗಾಲಿಯ ಪಟ್ಟಿ ಕಾಯಿಸಿ ಹಾಕುವುದಕ್ಕೆ ಇನ್ನೂ ಹೊತ್ತು ಬೇಕು. ಅದಾಗುವವರೆಗೆ ನನ್ನ ಗಾಡಿ ನಿಮ್ಮನ್ನು ಇಳಕಲ್ಲಿಗೆ ಒಯ್ಯಲಾರದು. ಪಟ್ಟಿ ಕಾಯಬೇಕು, ನಾವೂ ಕಾಯಬೇಕು. ಹನಮಂತಪ್ಪನವರೇ, ನೀವು ಬೇವಿನ ನೆರಳಲ್ಲಿ ಹಾಸಿದ ಆ ಕೌದಿಯ ಮೇಲೆ ಆರಾಮಾಗಿ ಕೂತುಕೊಳ್ಳಿ. ಬುತ್ತಿಯ ಗಂಟನ್ನೂ ಅಲ್ಲೇ ಪಕ್ಕದಲ್ಲಿ ಇಡಿ. ಏನೂ ಆಗುವುದಿಲ್ಲ. ಅಂದರೆ, ಆಗಲಿಕ್ಕಿಲ್ಲ.

ಬಾಗಲಕೋಟೆಯ ಹಳೆಯ ಪೇಟೆಯಲ್ಲಿ ಫಕ್ರುಸಾಬ ಎಂಬ ದರ್ಜಿ ಇದ್ದ. ಕೈ ಅಂದರೆ ಕೈ. ಅವನು ಕತ್ತರಿ ಹಿಡಿದರೆ ಅರಿವೆ ತಾನಾಗಿ ದಾರಿ ಬಿಡುತ್ತಿತ್ತು. ಆದರೆ ಆ ಮನುಷ್ಯ ಹುಟ್ಟಿದಂದಿನಿಂದ ಒಂದು ಕೆಲಸವನ್ನೂ ಮುಗಿಸಿರಲಿಲ್ಲ. ಮೊದಲ ಹೊಲಿಗೆ ಹಾಕುವಾಗ ಮುಖದ ಮೇಲೆ ಮದುವಣಿಗನ ಕಳೆ. ಅರ್ಧಕ್ಕೆ ಬರುವ ಹೊತ್ತಿಗೆ ಕಾಲು ಕುಣಿಯಲು ಶುರು. ಇನ್ನೊಂದೇ ಗುಂಡಿ ಉಳಿಯಿತು ಅನ್ನುವಾಗ ಇರುವೆ ಕಚ್ಚಿದವನಂತೆ ಎದ್ದು, "ಒಂದು ಗಳಿಗಿ, ಬಂದೆ" ಎಂದು ಹೊರಟುಬಿಡುವನು. ತಿರುಗಿ ಬಂದವನು ಹೊಸ ಅರಿವೆ ಹರಡುವನು.

ಪೇಟೆಯ ಹವಾಲ್ದಾರ ಎರಡು ವರ್ಷ ಒಂದೇ ತೋಳಿನ ಅಂಗಿಯಲ್ಲಿ ಪಹರೆ ತಿರುಗಿದ. ಅದನ್ನು ನೋಡಿ ಕಳ್ಳರಿಗೇ ಪಾಪ ಅನ್ನಿಸಿ ಊರಲ್ಲಿ ಕಳ್ಳತನ ಕಡಿಮೆಯಾಯಿತು. ಶಿರೂರಿನವನೊಬ್ಬ ತನ್ನ ಮದುವೆಗೆಂದು ಹೊಲಿಯಲು ಕೊಟ್ಟ ಕೋಟನ್ನು ಮಗನ ಮದುವೆಗಾದರೂ ಕೊಡು ಎಂದು ಕೇಳಲು ಬಂದ. ಫಕ್ರುಸಾಬ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಅಳತಿ ಮತ್ತೊಮ್ಮೆ ತಗೋಬೇಕಲ್ಲರಿ, ನೀವು ನಡುವ ದಪ್ಪ ಆದ್ರಿ" ಎಂದ. ತಪ್ಪು ಗಿರಾಕಿಯದೇ ಎಂಬಂತೆ.

ಅಂಗಡಿಯಲ್ಲಿ ಅಷ್ಟೇ ಅಲ್ಲ. ಊಟದಲ್ಲಿ ಕೊನೆಯ ತುತ್ತು ಬಿಡುವನು. ಬಾಗಿಲನ್ನು ಅರ್ಧ ಮುಚ್ಚುವನು. ಮನಸ್ಸಿನ ಮಾತನ್ನೂ ಮುಗಿಸುತ್ತಿರಲಿಲ್ಲ. "ನೋಡು ಬಂಡೆಪ್ಪ, ನಾಳಿಂದ ನಾ..." ಎಂದು ನನ್ನ ಮುಂದೆ ಶುರು ಮಾಡಿ ಎದ್ದು ಹೋದರೆ, ನಾಳೆಯಿಂದ ಏನು ಅನ್ನುವುದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇಂಥವನಿಗೆ ಹೆಂಡತಿಯಾಗಿ ಬಂದವಳು ರೋಷನಬಿ, ಇಳಕಲ್ಲಿನ ನೇಕಾರರ ಮನೆಯವಳು. ಅವರ ಮನೆಯಲ್ಲಿ ಮಗ್ಗಕ್ಕೆ ಏರಿದ ನೂಲು ಸೀರೆಯಾಗಿಯೇ ಇಳಿಯಬೇಕು. ನಡುವೆ ಎದ್ದು ಹೋದವರಿಗೆ ಆ ಮನೆಯಲ್ಲಿ ಚಹಾ ಸಹ ಇಲ್ಲ. ಆದರೂ ಆಕೆ ಗಂಡನನ್ನು ಸಹಿಸಿಕೊಂಡಿದ್ದಳು. ಅವನ ಮೇಲೆ ಜೀವ ಇತ್ತು. ಅವನು ಅರ್ಧ ಹೇಳಿದ ಮಾತಿನ ಉಳಿದರ್ಧವನ್ನು ತಾನೇ ಒಳ್ಳೆಯದಾಗಿ ಊಹಿಸಿಕೊಂಡು ಸಂಸಾರ ಮಾಡುತ್ತಿದ್ದಳು.

ಪ್ಲೇಗು ಬಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ವರ್ಷ ನಿಮಗೆ ನೆನಪಿದೆಯಲ್ಲ. ಆಗ ಹಳೆಯ ಹಾಸಿಗೆ, ಕೌದಿ ಎಲ್ಲವನ್ನೂ ಒಟ್ಟಿ ಸುಟ್ಟರು. ಮರಳಿ ಮನೆಗೆ ಬಂದಾಗ ದರ್ಜಿಯ ಮನೆಯಲ್ಲಿ ಹೊದೆಯುವುದಕ್ಕೆ ಒಂದು ಚೂರು ಇಲ್ಲ. ರೋಷನಬಿ ತನ್ನ ಹಳೆಯ ಸೀರೆಗಳನ್ನು ಹಾಸಿ ಕೌದಿ ಹೊಲಿಯಲು ಕೂತಳು. ಫಕ್ರುಸಾಬನಿಗೆ ಅವಮಾನವಾಯಿತು.

"ದರ್ಜಿ ಮನ್ಯಾಗ ಹೆಂಡ್ತಿ ಸೂಜಿ ಹಿಡದ್ರ ಮಂದಿ ಏನಂದಾರು? ತಾ ಇಲ್ಲೆ" ಎಂದು ಕಸಿದುಕೊಂಡ. ಎರಡು ಸಾಲು ಹೊಲಿದ. ಎದ್ದು ಹೋದ.

ಆ ಚಳಿಗಾಲವೆಲ್ಲ ಗಂಡ ಹೆಂಡತಿ ಗಿರಾಕಿಗಳ ಅರೆಬರೆ ಅಂಗಿಗಳನ್ನು ಹೊದ್ದು ಮಲಗಿದರು. ಒಂದು ಮುಂಜಾನೆ ರೋಷನಬಿ ನನ್ನ ಗಾಡಿಯ ಹತ್ತಿರ ಬಂದು ನಿಂತಳು. ಕಂಕುಳಲ್ಲಿ ಗಂಟು.

"ಬಂಡೆಪ್ಪಣ್ಣಾ, ಇಳಕಲ್ಲಿಗೆ ಗಾಡಿ ಹೂಡು."

"ಯಾಕ ತಂಗಿ, ಏನಾತು?"

"ರಾತ್ರಿ ಎಲ್ಲಾ ಒಂದು ತೋಳು ನನ್ನ ಮ್ಯಾಲಿತ್ತು. ಗಂಡಂದು ಅಂತ ತಿಳಕೊಂಡು ಸುಮ್ಮ ಮಲಗಿದ್ದೆ. ಬೆಳಕ ಹರದ ಮ್ಯಾಲೆ ನೋಡಿದ್ರ ಹವಾಲ್ದಾರಂದು."

ನಾನು ಎತ್ತಿನ ಕಡೆ ನೋಡಿದೆ. ಎತ್ತು ನನ್ನ ಕಡೆ ನೋಡಿತು.

"ಹವಾಲ್ದಾರನ ಅಂಗೀದೋ ಅಣ್ಣಾ" ಎಂದಳು. "ಆ ಬರೇ ತೋಳು ನಂಗ ಸಾಕಾಗೇತಿ. ನಡಿ."

ಎಂಟು ದಿನ ಬಿಟ್ಟು ಫಕ್ರುಸಾಬ ನನ್ನನ್ನೇ ಕರೆದುಕೊಂಡು ಹೆಂಡತಿಯನ್ನು ಕರೆತರಲು ಇಳಕಲ್ಲಿಗೆ ಹೊರಟ. ಅವಳ ತಾಯಿ ಖೈರುನಬಿ ಹೊಸ್ತಿಲ ಮೇಲೆ ಎಲೆ ಅಡಿಕೆ ಅಗಿಯುತ್ತ ಕೂತಿದ್ದಳು. ಆಕೆ ಹೊಸ್ತಿಲ ಮೇಲೆ ಕೂತರೆ ಗಾಳಿಯೂ ಕೇಳಿ ಒಳಗೆ ಹೋಗಬೇಕು.

"ಮಗಳನ್ನ ಕಳಸಾಕ ನಂದೇನು ಅಡ್ಡಿ ಇಲ್ಲಪಾ" ಎಂದಳು. "ನಿನ್ನ ಅಂಗಡ್ಯಾಗ ಅರ್ಧಾ ಬಿದ್ದದ್ದು ಎಷ್ಟು ಐತಿ?"

"ಅದು... ಒಂದೀಟು ಐತ್ರಿ ಅತ್ತಿ..."

"ಅದನ್ನೆಲ್ಲಾ ಕೂಡಿಸಿ ಕೌದಿ ಹೊಲಿ. ತಿಂಗಳಾ ಹೊಸಾ ಚಾಂದ ಕಾಣೂದ್ರಾಗ ಒಂದು ಕೌದಿ ಈ ಹೊಸ್ತಲಕ್ಕ ಬರಬೇಕು. ಮೂರು ಚಾಂದ, ಮೂರು ಕೌದಿ. ಕೈಲೆ ಹೊಲದದ್ದು ಇರಬೇಕು, ಮಷೀನಿಂದು ನಡಿಯಂಗಿಲ್ಲ. ಒಂದಾದ್ರೂ ಅರ್ಧಾ ಬಂತು ಅಂದ್ರ ರೋಷನಬಿ ನನ್ನ ಮಗ್ಗದ ಮುಂದ ಕುಂಡ್ರತಾಳ. ನೀ ಬ್ಯಾರೆ ಹೆಂಡ್ತೀನ ಅರ್ಧಾ ಮಾಡಕೋ."

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಫಕ್ರುಸಾಬ ಆ ಕಡೆ ನೋಡಿ, "ರೋಷನ್, ನಾ ಖರೇನ..." ಎಂದ. ಉಳಿದದ್ದು ಎಂದಿನಂತೆ ಗಂಟಲಲ್ಲೇ ಉಳಿಯಿತು.

ಊರಿಗೆ ಬಂದವನೇ ಅಂಗಡಿಯ ಅರೆಬರೆಗಳನ್ನೆಲ್ಲ ಹೊರಗೆ ಎಳೆದು ರಾಶಿ ಹಾಕಿದ. ಆ ರಾಶಿಯನ್ನು ನೋಡಿ ಎರಡು ಮನೆಯವರು ಹೊಸ ಬಣವೆ ಬಂತು ಎಂದು ತಮ್ಮ ದನಗಳನ್ನು ತಂದರು. ಗಿರಾಕಿಗಳು ಯಾರೂ ತಕರಾರು ಮಾಡಲಿಲ್ಲ. ಅವರು ಎಂದೋ ಆಸೆ ಬಿಟ್ಟಿದ್ದರು. ಹವಾಲ್ದಾರ ಮಾತ್ರ ತನ್ನ ತೋಳನ್ನು ತಲೆಯ ಕಡೆ ಹಾಕು, ಕಾಲ ಕಡೆ ಬೇಡ, ಸರಕಾರಿ ಅರಿವೆ ಎಂದು ಕೇಳಿಕೊಂಡ.

ಕೌದಿ ಹೊಲಿಯುವುದೆಂದರೆ ನಿಮಗೆ ಗೊತ್ತಲ್ಲ. ಅರಿವೆಯ ಮೇಲೆ ಅರಿವೆ ಹಾಸಿ, ಅಂಚಿನಿಂದ ಶುರು ಮಾಡಿ, ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಸುತ್ತಿನೊಳಗೆ ಸುತ್ತು ಬರಬೇಕು, ಮೂಲೆಗಳನ್ನು ಕಡೆಗೆ ಮುಚ್ಚಬೇಕು. ಕೂತವರು ಕೂತೇ ಇರಬೇಕು. ಫಕ್ರುಸಾಬ ಒಂದು ಸುತ್ತು ಹೊಲಿದ, ಕಾಲು ಕುಣಿಯಿತು, ಎದ್ದ. ಕೂತ, ಎದ್ದ. ನಾನು ಅವನ ಮೇಲೆ ಜೋಳದ ಚೀಲ ಇಟ್ಟೆ. ಚೀಲ ಸಮೇತ ಎದ್ದ. ಅವನ ಅಂಗಿಯನ್ನು ಕೌದಿಗೆ ಸೇರಿಸಿ ಹೊಲಿದೆ. ಅಂಗಿ ಬಿಟ್ಟು ಎದ್ದ. ಆಕಾಶದಲ್ಲಿ ಚಂದ್ರ ದುಂಡಗಾಗಿ, ಮತ್ತೆ ಸವೆಯಲು ಶುರುವಾಯಿತು. ಫಕ್ರುಸಾಬನ ಕಣ್ಣ ಕೆಳಗೆ ಕಪ್ಪು ಬಂತು. ಉಗುರು ಕಚ್ಚಿ ಕಚ್ಚಿ ಬೆರಳಿಗೆ ಹಾಕುವ ಅಂಗುಸ್ತಾನ ಸಡಿಲವಾಯಿತು.

"ಬಂಡೆಪ್ಪ, ನನ್ನ ಕುಂಡಿ ನನ್ನ ಮಾತು ಕೇಳವಲ್ದು" ಎಂದ. ಇದು ಅವನು ಮುಗಿಸಿದ ಮೊದಲನೆಯ ಮನಸ್ಸಿನ ಮಾತು. ನನಗೆ ಕನಿಕರವಾಯಿತು.

ಅವತ್ತು ನಾನು ಬಾದಾಮಿಗೆ ಜೋಳದ ಚೀಲ ಹೇರಿದ್ದೆ. "ಬಾ, ಚೀಲದ ಮ್ಯಾಲೆ ಕುಂಡ್ರು, ಗಾಳಿ ಬಡದ್ರ ತಲಿ ಸುದ್ದ ಆಗತೈತಿ" ಎಂದೆ. ಕೌದಿಯನ್ನೂ ಹಿಡಿದುಕೊಂಡೇ ಹತ್ತಿದ. ಗಾಡಿ ಹೊರಟಿತು. ಕೆರೂರು ದಾಟಿದ ಮೇಲೆ ಹಿಂದೆ ತಿರುಗಿ ನೋಡುತ್ತೇನೆ, ಹೊಲಿಯುತ್ತಿದ್ದಾನೆ. ಕಾಲು ಕುಣಿಯುತ್ತಿಲ್ಲ. ಗಾಡಿಯೇ ಕುಣಿಯುವಾಗ ಕಾಲಿಗೇನು ಕೆಲಸ? ತಾನು ಕೂತದ್ದು ಓಡುತ್ತಿದ್ದರೆ ಮಾತ್ರ ಆ ಮನುಷ್ಯ ಕೂರುತ್ತಾನೆ ಅನ್ನುವುದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅಂಗಡಿಗೆ ಗಾಲಿ ಇರಲಿಲ್ಲ.

ಅಂದಿನಿಂದ ಅವನು ಹೊಲಿಯುವುದು ನನ್ನ ಗಾಡಿಯಲ್ಲೇ. ಬಾದಾಮಿ, ಹುನಗುಂದ, ತಿರುಗಿ ಬಾಗಲಕೋಟೆ. ಎತ್ತು ನೀರು ಕುಡಿಯಲು ನಿಂತರೆ ಇವನೂ ಎದ್ದು ನಿಂತು ಚಡಪಡಿಸುವನು, "ಹೊಡಿಯೋ, ಹೊಡಿಯೋ" ಎನ್ನುವನು. ಎತ್ತುಗಳು ತೆಳ್ಳಗಾದವು. ಆ ಕೌದಿಯ ಹೊಲಿಗೆ ನೋಡಿದರೆ ದಾರಿ ಗೊತ್ತಾಗುತ್ತಿತ್ತು: ಹುನಗುಂದದ ಎರೆಮಣ್ಣಿನ ಮೆತ್ತನೆಯ ದಾರಿಯಲ್ಲಿ ಹೊಲಿದದ್ದು ಮಗ್ಗದ ನೂಲಿನಂತೆ ನೆಟ್ಟಗೆ, ಬಾದಾಮಿಯ ಕಲ್ಲಿನ ದಾರಿಯಲ್ಲಿ ಹೊಲಿದದ್ದು ಅಡ್ಡಾದಿಡ್ಡಿ. ಮುಂದೆ ಒಬ್ಬ ಕುರುಡ ಆ ಕೌದಿಯ ಮೇಲೆ ಕೈಯಾಡಿಸಿಕೊಂಡು ಕಮತಗಿಯವರೆಗೆ ಒಬ್ಬನೇ ಹೋಗಿ ಬಂದ. ಅಲ್ಲಿ ಹೊಳೆ ದಾಟಬೇಕಾದಾಗ ಮಾತ್ರ ಯಾರನ್ನೋ ಕೇಳಿದನಂತೆ, ಏಕೆಂದರೆ ಹೊಳೆಯಲ್ಲಿ ಫಕ್ರುಸಾಬ ನೀರು ನೋಡುತ್ತ ಕೂತು ಹೊಲಿಗೆ ಹಾಕಿರಲಿಲ್ಲ.

ಚಾಂದ ಕಾಣುವ ದಿನ ಇಳಕಲ್ಲಿನ ಅಗಸೆ ಬಾಗಿಲು ಕಾಣಿಸುವಾಗ ನಾಲ್ಕನೆಯ ಮೂಲೆಯ ಕೊನೆಯ ಹೊಲಿಗೆ ಬಿತ್ತು. ಹಲ್ಲಿನಿಂದ ದಾರ ಕಡಿದ. ಕಡಿದ ದಾರವನ್ನು ಬಾಯಲ್ಲೇ ಇಟ್ಟುಕೊಂಡು ಅತ್ತ.

ಖೈರುನಬಿ ಕೌದಿಯನ್ನು ಬಿಡಿಸಿ, ನಾಲ್ಕೂ ಮೂಲೆಯನ್ನು ಒಂದೊಂದಾಗಿ ಎಳೆದು ನೋಡಿದಳು. ಅಗಿಯುವುದು ನಿಂತಿತು. "ಮುಗದೈತಲ್ಲೋ" ಎಂದಳು, ಮುಗಿಯಬಾರದಿತ್ತು ಎನ್ನುವ ಧಾಟಿಯಲ್ಲಿ. ಒಳಗೆ ರೋಷನಬಿ ನಕ್ಕದ್ದು ಕೇಳಿಸಿತು. ಫಕ್ರುಸಾಬ ಗಾಡಿಗೆ ಹಾರಿದ. "ನಡಿ ಬಂಡೆಪ್ಪ, ಎರಡನೇದಕ್ಕ ಹೊತ್ತಾತು" ಎಂದ.

ಎರಡನೆಯದು ಮೊದಲನೆಯದಕ್ಕಿಂತ ಬೇಗ ಮುಗಿಯಿತು. ನಾವು ಹಾಡು ಹೇಳಿಕೊಂಡು ಇಳಕಲ್ಲಿಗೆ ಹೋದೆವು. ಹೋಗಿ ನೋಡಿದರೆ ಖೈರುನಬಿಯ ಕಣ್ಣು ಕೆಂಡ. ಮನೆಯವರೆಲ್ಲ ನಿಂತಲ್ಲೇ ತೂಕಡಿಸುತ್ತಿದ್ದಾರೆ. ಅಂಗಳದ ಆಡಿಗೆ ಒಂದು ಕಿವಿ ಮೋಟು.

"ಬಾರಪಾ ಅಳಿಯಾ" ಎಂದಳು ಖೈರುನಬಿ. "ನಿನ್ನ ಕೌದಿ ಬಂದಾಗಿಂದ ಈ ಮನ್ಯಾಗ ಯಾರೂ ಕಣ್ಣ ಮುಚ್ಚಿಲ್ಲ. ಹೊದ್ದರ ಒಳಗ ಗುರುಗುರು ಅಂತೈತಿ. ಮೊದಲ ರೋಷನಬಿ ಮುಡಿಯಾಗಿನ ಹೂ ಹೋತು. ಆಮ್ಯಾಲೆ ನನ್ನ ಅಡಿಕಿ ಚೀಲ. ಬುಟ್ಟ್ಯಾಗಿನ ರೊಟ್ಟಿ ಮುಂಜಾನಿ ನೋಡಿದ್ರ ಬರೇ ಬುಟ್ಟಿ. ಮಗ್ಗದ ಮ್ಯಾಲೆ ಒಣಾಕ ಹಾಕಿದ್ರ ಹೊಸಾ ಸೀರೀದು ಗೇಣುದ್ದ ಸೆರಗು ತಿಂದೈತಿ."

"ಅತ್ತಿ, ಕೌದಿ ಹ್ಯಾಂಗ ತಿಂತೈತ್ರಿ?"

"ಆ ಆಡಿನ್ನ ಕೇಳು."

ಆಡು ಆ ಕಡೆ ಮುಖ ತಿರುಗಿಸಿತು. ಒಂದೇ ಕಿವಿ ಇದ್ದದ್ದರಿಂದ ಪ್ರಶ್ನೆ ಅರ್ಧ ಮಾತ್ರ ಕೇಳಿಸಿರಬೇಕು.

ಖೈರುನಬಿ ಎರಡನೆಯ ಕೌದಿಯ ಮೂಲೆಗಳನ್ನು ಹಿಸುಕಿ ನೋಡಿ, ಎರಡನ್ನೂ ನಮ್ಮ ಗಾಡಿಯೊಳಗೆ ಎಸೆದಳು. "ಇದೂ ಹಸದೈತಿ. ಹಸದ ಕೌದಿ ಮುಗದ ಕೌದಿ ಅಲ್ಲ. ಮುಂದಿನ ಚಾಂದಕ್ಕ ಮೂರೂ ಸುದ್ದ ಆಗಿ ಬರಬೇಕು."

"ತಪ್ಪೇನಾತು ಅಷ್ಟು ಹೇಳ್ರಿ."

"ಹೊಲಿಯಾವ ನೀನು. ಅದನ್ನೂ ನಾನ ಹೇಳಲೇನು?"

ಬಾಗಿಲ ಸಂದಿಯಲ್ಲಿ ರೋಷನಬಿ ಬಾಯಿ ತೆರೆದಳು. ತಾಯಿ ತಿರುಗಿ ನೋಡಿದ್ದೇ ಮುಚ್ಚಿದಳು. ಆದರೆ ಆಕೆಯ ಕಣ್ಣು ಮುಚ್ಚಿರಲಿಲ್ಲ; ಫಕ್ರುಸಾಬನ ಮೇಲೇ ಇತ್ತು. ಅವನಿಗೆ ಆ ರಾತ್ರಿಯಿಂದ ನಿದ್ದೆ ಹೋಯಿತು. ಇನ್ನೊಂದು ಚಾಂದ ತಪ್ಪಿದರೆ ಆ ಕಣ್ಣು ಮಗ್ಗದ ಕಡೆ ತಿರುಗುತ್ತದೆ, ಮತ್ತೆ ಇವನ ಕಡೆ ತಿರುಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಬಾದಾಮಿಯಲ್ಲಿ ಕೆರೆಯ ದಂಡೆಯ ಓಣಿಯಲ್ಲಿ ಸಾವಂತ್ರವ್ವ ಎಂಬ ಮುದುಕಿ ಇದ್ದಳು. ಆ ಓಣಿಯ ಕೌದಿಗಳೆಲ್ಲ ಅವಳ ಕೈಯವೇ. ಅವಳನ್ನೇ ಕೇಳೋಣ ಎಂದು ಹೊರಟೆವು. ದಾರಿಯಲ್ಲಿ ಆ ಎರಡು ಕೌದಿಗಳು ಎತ್ತಿನ ಮೇವು ತಿಂದವು, ನನ್ನ ಕಾಲಿನ ಒಂದು ಜೋಡಿನ ಅಟ್ಟೆ ತಿಂದವು. ಬಾದಾಮಿ ಮುಟ್ಟಿದಾಗ ಮಂಗಗಳು ಗಾಡಿಗೆ ಮುತ್ತಿದವು. ಅಲ್ಲಿನ ಮಂಗಗಳು ನಿಮಗೆ ಗೊತ್ತು, ಕೈಯೊಳಗಿನದು ಬಿಡಿ, ಬಾಯೊಳಗಿನದನ್ನೂ ಬಿಡುವುದಿಲ್ಲ. ಒಂದು ಗಡವ ಮಂಗ ಎಲ್ಲಿಂದಲೋ ಕಸಿದ ಕಡಲೆ ಹಿಡಿದುಕೊಂಡು ಕೌದಿಯ ಮೇಲೆ ಬಂದು ಕೂತಿತು. ಕೂತದ್ದು ಅಷ್ಟೇ. ಕಡಲೆ ಇಲ್ಲ. ಅಂಗೈ ತಿರುಗಿಸಿ ನೋಡಿಕೊಂಡಿತು, ಕೌದಿಯನ್ನು ನೋಡಿತು, ನನ್ನನ್ನು ನೋಡಿತು. ಬಾದಾಮಿಯಲ್ಲಿ ಮಂಗವೊಂದು ತನ್ನದು ಕಳುವಾಯಿತೆಂದು ಅತ್ತದ್ದನ್ನು ಕಂಡವನು ನಾನೊಬ್ಬನೇ.

ಸಾವಂತ್ರವ್ವ ಕೌದಿಯ ಮೂಲೆ ಹಿಸುಕಿದವಳೇ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಇದಕ್ಕ ಉಣ್ಣಾಕ ಹಾಕೀರೇನು?"

"ಕೌದಿಗಿ?" ಎಂದ ಫಕ್ರುಸಾಬ.

"ಮತ್ತ? ಕಡೀ ಮೂಲಿ ಮುಚ್ಚೂಕಿಂತ ಮೊದಲ ಒಂದು ರೊಟ್ಟಿ ಚೂರು ಒಳಗಿಡಬೇಕು. ಕೌದಿ ಹೊಟ್ಟಿ ತುಂಬಿದ್ರ ಹೊದ್ದವರ ಹೊಟ್ಟಿ ತುಂಬತೈತಿ. ಇದು ಹೆಣ್ಣಮಕ್ಕಳೆಲ್ಲಾರಿಗೂ ಗೊತ್ತೈತಿ."

"ಕೋಟಿನೊಳಗ ರೊಟ್ಟಿ ಇಡೂದಿಲ್ಲಲ್ಲ ಅವ್ವಾ" ಎಂದ ಫಕ್ರುಸಾಬ ಸಣ್ಣ ದನಿಯಲ್ಲಿ. ದರ್ಜಿಗೆ ಗೊತ್ತಿರುವುದು ಅಷ್ಟು.

ಆಮೇಲೆ ಮನೆಗೆ ಹೋಗಿ ನನ್ನ ಹೆಂಡತಿ ರಂಗವ್ವನಿಗೆ ಹೇಳಿದೆ. "ನಂಗೇನು ಗೊತ್ತಿರಲಿಲ್ಲೇನು?" ಎಂದಳು. "ಮತ್ತ ಹೇಳಬಾರದಾ?" ಎಂದೆ. "ನೀವು ಕೇಳಿದ್ರೇನು?" ಎಂದಳು. ಅದಕ್ಕಾಗಿ ನಾವು ಬಾದಾಮಿಯವರೆಗೆ ಹೋಗಿ ಬಂದೆವು.

ಇರಲಿ. ಬಾದಾಮಿಯಲ್ಲಿ ನಾನು ಅಲ್ಲೇ ನನ್ನ ಬುತ್ತಿ ಬಿಚ್ಚಿ, "ಬಿಚ್ಚೋ ಮೂಲಿ, ಇಟ್ಟ ಬಿಡೂನು" ಎಂದಿದ್ದೆ. ಸಾವಂತ್ರವ್ವ ಕೈ ಅಡ್ಡ ಹಿಡಿದಳು.

"ಗಾಡ್ಯಾಗಿನ ರೊಟ್ಟಿ ಇಟ್ಟರ ಕೌದಿ ಗಾಡೀದ ಆಗತೈತಿ. ಯಾ ಮನ್ಯಾಗ ಹೊದೀತಾರ, ಆ ಮನೀ ಒಲೀ ಮ್ಯಾಲೆ ಬಡದ ರೊಟ್ಟಿ ಇರಬೇಕು. ಆ ಮನಿಯಾಕೀನ ಇಟ್ಟು, ಆಕೀನ ಮೂಲಿ ಮುಚ್ಚಬೇಕು. ನೀ ಎಷ್ಟ ಶಾಣ್ಯಾ ದರ್ಜಿ ಇದ್ರೂ ಕಡೀ ಮೂಲಿ ನಿಂದಲ್ಲ."

ಫಕ್ರುಸಾಬನ ಮುಖ ನೋಡಬೇಕಿತ್ತು. ಕೌದಿಯನ್ನು ಎದೆಗೆ ಅವುಚಿಕೊಂಡ. "ಜನ್ಮದಾಗ ಮುಗಿಸಿದ್ದು ಇವೆರಡ ಅವ್ವಾ" ಎಂದ. "ಇವನ್ನೂ ಬಿಚ್ಚಲೇನು?"

"ಬಿಚ್ಚದಿದ್ರ ಹಸಗೊಂಡ ಸಾಯ್ತಾವ" ಎಂದು ಮುದುಕಿ ತನ್ನ ಕೆಲಸಕ್ಕೆ ಹೋದಳು.

ಹನಮಂತಪ್ಪನವರೇ, ಅವನ ಕಷ್ಟ ಅಲ್ಲಿಂದ ಶುರುವಾದದ್ದು. ಮೊದಲು ಮುಗಿಸಲು ಬಾರದಿದ್ದ ಮನುಷ್ಯನಿಗೆ ಈಗ ಮುಗಿಸದೆ ಇರಲು ಬಾರದು. ಮೂರನೆಯ ಕೌದಿ ನೋಡುನೋಡುತ್ತ ಕೊನೆಯ ಮೂಲೆಗೆ ಬಂದು ನಿಂತಿತು. ಅಲ್ಲಿ ಬಿಡಬೇಕು. ಬೆರಳು ಕೇಳಬೇಕಲ್ಲ. ಆ ಮೂಲೆಯಿಂದ ಬೆರಳನ್ನು ಎಳೆದು ತಂದು ಬೇರೆ ಕಡೆ ಹಚ್ಚುವನು. ಹವಾಲ್ದಾರನ ಹೊಸ ಅಂಗಿಯನ್ನು ಮುಗಿಸಿದ; ಮುಗಿಸಿದ ಭರದಲ್ಲಿ ಕಿಸೆಗಳ ಬಾಯನ್ನೂ ಹೊಲಿದ. ನನ್ನ ಚೀಲದ ಬಾಯಿ ಹೊಲಿದ. ನಾನು ಆಕಳಿಸಿದೆ, ನನ್ನ ಕಡೆ ಸೂಜಿ ಹಿಡಿದು ನೋಡಿದ. ಅಂದಿನಿಂದ ನಾನು ಅವನ ಮುಂದೆ ಆಕಳಿಸಿಲ್ಲ. ಹಳೆಯ ಎರಡು ಕೌದಿಯ ಮೂಲೆ ಬಿಚ್ಚುವನು, ಒಂದು ಸುತ್ತು ತಿರುಗಿ ಬಂದು ಮತ್ತೆ ಹೊಲಿಯುವನು, ಮತ್ತೆ ಬಿಚ್ಚುವನು. ಆ ಮೂಲೆಗಳಲ್ಲಿ ಸೂಜಿಯ ತೂತು ಎಷ್ಟಾದವೆಂದರೆ ಹಿಟ್ಟು ಸೋಸಬಹುದಿತ್ತು.

ಮೂರನೆಯ ಚಾಂದದ ಸಂಜೆ ಇಳಕಲ್ಲು ಸೇರಿದೆವು. ಹೊಸ್ತಿಲ ಮೇಲೆ ಖೈರುನಬಿ. ಮಾಳಿಗೆಗಳ ಮೇಲೆ ಜನ ಪಡುವಣಕ್ಕೆ ಮುಖ ಮಾಡಿ ನಿಂತಿದ್ದಾರೆ. ಗಾಡಿ ನಿಂತ ಕೂಡಲೇ ಫಕ್ರುಸಾಬನ ಕಾಲು ಕುಣಿಯಲು ಹತ್ತಿತು. ಕೈಯಲ್ಲಿ ದಾರ ಪೋಣಿಸಿದ ಸೂಜಿ. ಮೂರು ಕೌದಿ, ಮೂರು ತೆರೆದ ಮೂಲೆ. ಸೂಜಿ ತಾನಾಗಿ ಮೂಲೆಯ ಕಡೆ ಹೋಗುತ್ತಿದೆ. ಎಡಗೈಯಿಂದ ಬಲಗೈಯನ್ನು ಹಿಡಿದಿದ್ದಾನೆ. ಕೊನೆಗೆ ಆ ಸೂಜಿಯನ್ನು ತನ್ನ ರುಮಾಲಿಗೆ ಚುಚ್ಚಿ, ಕೌದಿಗಳನ್ನು ಹೊಸ್ತಿಲ ಮುಂದೆ ಇಟ್ಟು, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ನಿಂತ.

ಖೈರುನಬಿ ಮೂಲೆ ನೋಡಿದಳು. "ಮತ್ತ ಅರ್ಧಾ ಬಿಟ್ಟಿಯಲ್ಲೋ" ಎಂದಳು.

ಪಕ್ಕದ ಮಾಳಿಗೆಯಿಂದ ಯಾರೋ ನಕ್ಕರು. "ದರ್ಜಿ ಹುಟ್ಟಗುಣಾ ಬಿಡಲಿಲ್ಲ ನೋಡ್ರಿ" ಎಂದರು. ಅದೇ ಹೊತ್ತಿಗೆ, "ಕಾಣ್ತು, ಕಾಣ್ತು" ಎಂದು ಇನ್ನೊಬ್ಬರು ಕೂಗಿದರು. ಉಗುರಿನ ಚೂರಿನಂತೆ ಚಾಂದ ಕಾಣಿಸಿಕೊಂಡಿತ್ತು.

ರೋಷನಬಿ ಬಾಗಿಲಿಗೆ ಬಂದಳು. ಫಕ್ರುಸಾಬ ಅವಳನ್ನೇ ನೋಡಿ ಬಾಯಿ ತೆರೆದ. "ರೋಷನ್, ನಾ..." ಎಂದ. ನಿಂತ. ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ.

"ನಾ ನನ್ನ ಕೆಲಸಾ ಮುಗಿಸೀನಿ" ಎಂದ. "ಈ ಮೂಲಿ ನಂದಲ್ಲ, ನಿಂದು. ನೀ ನಮ್ಮನೀ ಒಲೀ ಮ್ಯಾಲೆ ರೊಟ್ಟಿ ಬಡದು ಇದರಾಗ ಇಟ್ಟು ಮುಚ್ಚಬೇಕು. ನೀ ಬರಲಿಲ್ಲಂದ್ರ ಇವು ಹಸಗೊಂಡ ಇರ್ತಾವು, ನಾನೂ ಹಸಗೊಂಡ ಇರ್ತೇನಿ. ಅಷ್ಟ."

ಮಾಳಿಗೆಯ ಮೇಲಿನ ಜನ ಚಾಂದ ಬಿಟ್ಟು ಕೆಳಗೆ ನೋಡಿದರು. ಅಷ್ಟು ಉದ್ದದ ಮಾತನ್ನು ಅವನು 'ಅಷ್ಟ' ಎನ್ನುವವರೆಗೆ ತಂದು ನಿಲ್ಲಿಸಿದ್ದನ್ನು ಹಿಂದೆ ಯಾರೂ ಕೇಳಿರಲಿಲ್ಲ.

ಖೈರುನಬಿ ಗಂಟಲು ಸರಿ ಮಾಡಿಕೊಂಡು, "ರೊಟ್ಟಿ ಇಲ್ಲೂ ಅದಾವು. ಒಂದು ತಂದು ಇಡು, ಮುಚ್ಚು, ಆಮ್ಯಾಲೆ ವಿಚಾರ ಮಾಡೂನು" ಎಂದಳು.

"ಈ ಮನೀ ರೊಟ್ಟಿ ಇಟ್ಟರ ಕೌದಿ ಈ ಮನೀದ ಆಗತೈತಿ ಅಮ್ಮಾ" ಎಂದಳು ರೋಷನಬಿ. "ನೀನ ನಂಗ ಕಲಿಸಿದ್ದು."

ಖೈರುನಬಿ ಅಗಿಯುವುದನ್ನು ನಿಲ್ಲಿಸಿದಳು. ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಿದ್ದಳು. ಹೊಸ್ತಿಲ ಮೇಲಿಂದ ಸ್ವಲ್ಪ ಸರಿದಳು. ಒಬ್ಬರು ದಾಟುವಷ್ಟು. ರೋಷನಬಿ ಮೂರೂ ಕೌದಿಗಳನ್ನು ಎತ್ತಿಕೊಂಡು ಗಾಡಿ ಹತ್ತಿ, ಗಂಡನ ರುಮಾಲಿನಿಂದ ಸೂಜಿ ಕಿತ್ತು ತನ್ನ ಸೆರಗಿಗೆ ಚುಚ್ಚಿಕೊಂಡಳು. ಒಂದು ಕಿವಿಯ ಆಡು ಸಹ ನಮ್ಮನ್ನು ಅಗಸೆಯವರೆಗೆ ಕಳಿಸಲು ಬಂತು, ಕೌದಿ ಹೋಯಿತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು.

ಬಾಗಲಕೋಟೆಗೆ ಬಂದವಳೇ ಒಲೆ ಹಚ್ಚಿ ರೊಟ್ಟಿ ಬಡಿದು ಎರಡನೆಯ, ಮೂರನೆಯ ಕೌದಿಗೆ ಉಣಿಸಿ ಮೂಲೆ ಮುಚ್ಚಿದಳು. ಆ ಎರಡು ಇವತ್ತಿಗೂ ಬೆಕ್ಕಿನ ಹಾಗೆ ಬಿದ್ದಿರುತ್ತವೆ. ಫಕ್ರುಸಾಬನ ಕಾಲು ಅವುಗಳ ಕೆಳಗೆ ಕುಣಿಯುವುದಿಲ್ಲ.

ಮೊದಲನೆಯದು ಮಾತ್ರ ಸರಿಹೋಗಲಿಲ್ಲ. ಆಡು, ಅಡಿಕೆ, ಸೆರಗು, ಜೋಡಿನ ಅಟ್ಟೆ ಎಲ್ಲದರ ರುಚಿ ನೋಡಿದ್ದು, ರೊಟ್ಟಿ ಇಟ್ಟರೆ ಹೊರಗೆ ಉಗುಳುತ್ತಿತ್ತು. ಅದನ್ನು ನನ್ನ ಬಾಡಿಗೆಯ ಲೆಕ್ಕಕ್ಕೆ ನನಗೆ ಕೊಟ್ಟರು. ರಂಗವ್ವ, "ಎಷ್ಟು ಮನೀದು ತಿಂದು ಬಂದೈತೋ, ನಮ್ಮನ್ಯಾಗ ಬ್ಯಾಡ" ಎಂದಳು. ಹಾಗಾಗಿ ಅದು ಗಾಡಿಯಲ್ಲೇ ಇರುತ್ತದೆ. ಹವಾಲ್ದಾರನ ತೋಳು ತಲೆಯ ಕಡೆ ಇದೆ, ನೋಡಿ, ನಿಮ್ಮ ಎಡ ಮೊಣಕಾಲಿನ ಹತ್ತಿರ, ಖಾಕಿ ಬಣ್ಣದ್ದು. ತೆರೆದ ಮೂಲೆ ಎಲ್ಲಿದೆ ಅಂದರೆ, ನೀವು ಬುತ್ತಿ ಇಟ್ಟಿದ್ದೀರಲ್ಲ, ಅಲ್ಲೇ.

ಗಂಟು ಸಡಿಲವಾದದ್ದಕ್ಕೆ ನನ್ನ ಕಡೆ ಏಕೆ ನೋಡುತ್ತೀರಿ? ನನ್ನ ಮೀಸೆಯ ಮೇಲೆ ಇರುವುದು ಶೇಂಗಾ ಚಟ್ನಿ ಹೌದು, ಆದರೆ ಅದು ನಿನ್ನೆಯದು. ಎರಡು ರೊಟ್ಟಿ ಕಡಿಮೆ ಇದ್ದರೆ ನಾನು ಮೊದಲೇ ಹೇಳಿದ್ದೆ, ಏನೂ ಆಗಲಿಕ್ಕಿಲ್ಲ ಎಂದು. ಆಗುವುದೇ ಇಲ್ಲ ಎಂದು ಹೇಳಿರಲಿಲ್ಲ. ಎಲ್ಲಿಗೆ ಎದ್ದಿರಿ? ಗಾಲಿಯ ಪಟ್ಟಿ ಇನ್ನೂ ಕಾದಿಲ್ಲ. ಇಳಕಲ್ಲು ನಡೆದು ಹೋಗುವ ದೂರವಲ್ಲ ಹನಮಂತಪ್ಪನವರೇ, ನಿಮ್ಮ ಒಂದು ಜೋಡು ಸಹ ಇಲ್ಲೇ ಕೌದಿಯ ಮೇಲೆ ಉಳಿದಿದೆ, ಅದನ್ನಾದರೂ ಬೇಗ ತೆಗೆದುಕೊಳ್ಳಿ, ಇಲ್ಲದಿದ್ದರೆ ಈ ಕೌದಿ ಅಟ್ಟೆಯಿಂದಲೇ ಶುರು ಮಾಡಿ...